ಸೊಪ್ಪಕ್ಕನ ಗಾಜಿನ ತಟ್ಟೆ

ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಎಲೆ ಅರೆದು ರಸ ತೆಗೆಯುವ ಅವಳನ್ನು ಎಲ್ಲರೂ ಸೊಪ್ಪಕ್ಕ ಎನ್ನುತ್ತಿದ್ದರು. ಕರುಗಳಿಗೆ ಹುಳುಕಡ್ಡಿ ತರುವ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಒಂದೊಂದೇ ರಸ ಹಾಕಿ ನೋಡುವುದು ಅವಳ ಕೆಲಸ. ಯಾವ ರಸಕ್ಕೂ ಅದು ಜಪ್ಪಯ್ಯ ಅನ್ನದೆ ಹತ್ತಿಯಂತೆ ಹಬ್ಬುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ, ಸೀಮೆ ಅಗಸೆ ಸೊಪ್ಪಿನ ರಸ ಬಿದ್ದ ಜಾಗದ ಸುತ್ತ ಬೂಷ್ಟಿನ ಸುಳಿವೇ ಇಲ್ಲ!

ಡಾಕ್ಟರಮ್ಮ ಬಗ್ಗಿ ನೋಡಿ, "ಒಂದೇ ತಟ್ಟೆ ನಂಬೋದು ಹೇಗಕ್ಕಾ? ಇನ್ನೊಮ್ಮೆ ಮಾಡೋಣ" ಎಂದರು.

ಮತ್ತೆ ಮಾಡಿದಾಗಲೂ ಹಾಗೇ ಆಯಿತು. ಕರುವಿಗೆ ಹಚ್ಚುವ ದಿನ ಇನ್ನೂ ದೂರವಿತ್ತು. ಆದರೂ ಆ ಸಂಜೆ ಅವಳು ಗುನುಗುತ್ತಲೇ ಮನೆಗೆ ಬಂದಳು.

"ಏನೇ ಇಷ್ಟು ಖುಷಿ?" ಗಂಡ ಕೇಳಿದ.

"ಬೂಷ್ಟು ಬೆಳೀಲಿಲ್ಲ ರೀ!"

"ಹಾಗಾದ್ರೆ ನಮ್ಮ ಬಚ್ಚಲಿಗೂ ಆ ರಸ ಒಂದಿಷ್ಟು ತಂದುಬಿಡು."

ನಗು ತಡೆಯಲಾರದೆ ಅವಳು ಹೊಸ್ತಿಲಲ್ಲೇ ಕೂತುಬಿಟ್ಟಳು.