ಸೋದರಮಾವನ ಮನೆಯಲ್ಲಿ ಓದಿದ ಇಂಗ್ಲಿಷ್ ಕಾದಂಬರಿ

ಆಗದು ಎಂದವರು ಬೇರೆ ಯಾರೂ ಅಲ್ಲ, ನಮ್ಮ ಓದುಗರ ಬಳಗವನ್ನು ಕಟ್ಟಿದ ನಿವೃತ್ತ ಇಂಗ್ಲಿಷ್ ಮೇಷ್ಟ್ರೇ. ತಿಪಟೂರಿನ ಅವರ ಮನೆಯ ಹಜಾರದಲ್ಲಿ ಭಾನುವಾರ ಸಂಜೆ ಏಳೆಂಟು ಜನ ಸೇರುತ್ತಿದ್ದೆವು. ಆ ಸಲ ಅವರು ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಾದಂಬರಿಯನ್ನು ಆರಿಸಿದ್ದರು. ತಲೆದಿಂಬು ಮಾಡಿಕೊಂಡು ಮಲಗಬಹುದಾದಷ್ಟು ದಪ್ಪ. ಮೂಲವನ್ನು ಪೂರ್ತಿ ಓದಿ, ಕೊನೆಯ ಸಭೆಯಲ್ಲಿ ಚೀಟಿ ಹಿಡಿಯದೆ ಅದರ ಬಗ್ಗೆ ಮಾತಾಡಿದವರಿಗೆ ಬಳಗದಿಂದ ಪ್ರಮಾಣಪತ್ರ. ನಾನು ಕೈ ಎತ್ತಿದೆ.

"ನೀನು ಸಂಗ್ರಹ ಓದಮ್ಮ," ಎಂದರು ಮೇಷ್ಟ್ರು. "ಕನ್ನಡ ಮೀಡಿಯಂನೋರಿಗೆ ಇದು ಆಗೋ ಮಾತಲ್ಲ. ಮೂರನೇ ಅಧ್ಯಾಯಕ್ಕೆ ಮುಚ್ಚಿಡ್ತೀಯ. ನನ್ನ ಸರ್ವೀಸಲ್ಲಿ ಎಷ್ಟು ಜನರನ್ನ ನೋಡಿಲ್ಲ!"

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆಣಕಿತು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು; ಹೇಳಿಕೊಳ್ಳಲು ಸಂಕೋಚವಿಲ್ಲ. ಇಂಗ್ಲಿಷ್ ಪೇಪರಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಗೈಡು ಉರುಹೊಡೆದು ಪಾಸಾದವಳು. ಆದರೆ ಒಂದೇ ಒಂದು ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ. ಇದೊಂದನ್ನು ಓದಿ ಮುಗಿಸಿದರೆ ಆ ಡಿಗ್ರಿ ಪೂರ್ತಿ ನನ್ನದಾಗುತ್ತದೆ ಎಂದುಕೊಂಡೆ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಶೆಟ್ಟಿಕೆರೆ ಕಡೆಯ ನಮ್ಮೂರಿನಿಂದ ಕಾಲೇಜಿಗೆಂದು ಬಂದವಳು ತಿಪಟೂರಿನ ಸೋದರಮಾವನ ಮನೆ ಸೇರಿ, ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದಿದ್ದೆ. ಮಾವನದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಗಳನ್ನು ಇಳಿಸಿ, ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಕರಟ ಒಡೆಯಬೇಕು, ಒಳಗಿನ ಉಂಡೆಗೆ ಏಟು ಬೀಳಬಾರದು. ಬಿಡುವಿದ್ದಾಗಲೆಲ್ಲ ನಾನು ಅಲ್ಲಿ ಅತ್ತೆಯ ಪಕ್ಕ ಕೂತು, ಓದಿದಷ್ಟು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಹಾಗೆ ಹೇಳದಿದ್ದರೆ ಓದಿದ್ದು ನನಗೇ ನಾಟುತ್ತಿರಲಿಲ್ಲ.

ಕಥೆ ಇಷ್ಟು. ಅಪ್ಪ ಅಮ್ಮ ಇಲ್ಲದ ಹುಡುಗಿಯೊಬ್ಬಳು ಒಂದು ಪೆಟ್ಟಿಗೆ ಹಿಡಿದುಕೊಂಡು ಸೋದರಮಾವನ ಮನೆಗೆ ಬರುತ್ತಾಳೆ. ಮಾವ ಗಿರಣಿಯ ಯಜಮಾನ. ವಯಸ್ಸು ಹೆಚ್ಚಿಲ್ಲ, ಮದುವೆಯಾಗಿಲ್ಲ. ಅವಳಿಗೆ ಪಾಠ ಹೇಳಿಸುತ್ತಾನೆ, ಹಬ್ಬಕ್ಕೆ ರೇಷ್ಮೆಬಟ್ಟೆ ತರಿಸುತ್ತಾನೆ.

"ಇನ್ನೇನು ಬುಡು, ಮಾವಂಗೇ ಕೊಡ್ತಾರೆ," ಎಂದರು ಅತ್ತೆ, ಕೈಯಲ್ಲಿದ್ದ ಕಾಯಿಯಿಂದ ಕಣ್ಣೆತ್ತದೆ.

"ಕೊಡೋಕೆ ಯಾರಿದ್ದಾರತ್ತೆ? ಅಪ್ಪ ಅಮ್ಮ ಇಬ್ರೂ ಇಲ್ವಲ್ಲ."

"ಅವ್ನೇ ಕಟ್ಕತಾನೆ ಕಣೇ. ಇಲ್ದಿದ್ರೆ ರೇಸ್ಮೆ ಯಾಕ್ ತತ್ತಾನೆ?"

"ಅಕ್ಕನ ಮಗಳನ್ನ ಇನ್ಯಾರ್ಗೋ ಬುಟ್ಕೊಡಕೆ ಅವ್ನೇನ್ ಪೆದ್ದನಾ?" ಎಂದು ಇನ್ನೊಬ್ಬಾಕೆ ತೀರ್ಪು ಕೊಟ್ಟಳು. ಶೆಡ್ಡಿಗೆ ಶೆಡ್ಡೇ ಒಪ್ಪಿತು.

ನನಗೂ ಅನುಮಾನವಿರಲಿಲ್ಲ. ನಮ್ಮಜ್ಜಿಯನ್ನು ಕೊಟ್ಟದ್ದು ಅವಳ ಸೋದರಮಾವನಿಗೇ. ಆ ಭಾನುವಾರ, ಕಥೆ ಎತ್ತ ಹೋಗುತ್ತಿದೆ ಎಂದು ಮೇಷ್ಟ್ರು ಕೇಳಿದ್ದೇ ತಡ, ಎದ್ದು ನಿಂತೆ. "ಮಾವನ ಜೊತೆ ಮದುವೆ ಸರ್. ಗ್ಯಾರಂಟಿ."

ಹಜಾರವೆಲ್ಲ ಬಿದ್ದು ಬಿದ್ದು ನಕ್ಕಿತು. ಔಷಧಿ ಅಂಗಡಿಯವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಅಯ್ಯೋ ತಾಯಿ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು, "ಅಲ್ಲಿ ಅದು ಮಹಾಪಾಪ ಕಣಮ್ಮ, ಕಾನೂನೇ ಒಪ್ಪಲ್ಲ. ಇಂಗ್ಲೆಂಡಿನೋರನ್ನ ನಮ್ಮ ಕಿಬ್ಬನಹಳ್ಳಿಗೆ ತಂದು ಇಳಿಸಿಬಿಟ್ಟೆಯಲ್ಲ! ಅದಕ್ಕೇ ಸಂಗ್ರಹ ಓದು ಅಂದಿದ್ದು."

ಓದುವುದನ್ನೇ ಬಿಟ್ಟುಬಿಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮನೆಗೆ ನಡೆಯುತ್ತಾ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ಮದುವೆಯ ಮಾತೇ ಇಲ್ಲ ಅಂದಮೇಲೆ ಆ ಮನೆಯಲ್ಲಿ ಆ ಹುಡುಗಿ ಯಾರು?

ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ. ಈ ಸಲ ಕಂಡದ್ದೇ ಬೇರೆ. ಬೆಂಕಿಯ ಹತ್ತಿರ ಕೂರಲು ಅವಳು ಯಾರಾದರೂ ಕರೆಯಲಿ ಎಂದು ಕಾಯುತ್ತಾಳೆ. ಇನ್ನೊಂದು ಮೇಣದಬತ್ತಿ ಬೇಕಾದರೆ ಅಪ್ಪಣೆ ಕೇಳುತ್ತಾಳೆ. ಉಂಡ ಪ್ರತಿ ಊಟಕ್ಕೂ ಉಪಕಾರ ಸ್ಮರಿಸುತ್ತಾಳೆ. ಮೊದಲ ಓದಿನಲ್ಲಿ ಇವೆಲ್ಲ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ, ಯಾಕೆಂದರೆ ಆ ಮನೆಯ ಜಾಗದಲ್ಲಿ ನಾನು ನಮ್ಮ ಮಾವನ ಮನೆಯನ್ನು ಇಟ್ಟುಕೊಂಡಿದ್ದೆ.

ಕೊನೆಯ ಸಭೆಗೆ ಮಾವ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಕನ್ನಡದಲ್ಲೇ ಮಾತಾಡಿದೆ. ಬೇಕಾದ ಸಾಲುಗಳನ್ನು ಪುಸ್ತಕದಿಂದ ಇಂಗ್ಲಿಷಿನಲ್ಲಿ ಓದಿದೆ. ನಕ್ಕವರ ಎದುರಿಗೇ ನನ್ನ ತಪ್ಪಿನಿಂದ ಶುರು ಮಾಡಿದೆ. ನಮ್ಮಲ್ಲಿ ಮದುವೆಯಾಗಲಿ ಬಿಡಲಿ, ಅಕ್ಕನ ಮಗಳಿಗೆ ಮಾವನ ಮನೆಯಲ್ಲಿ ಹಕ್ಕಿದೆ. ನಾನು ಮೈನೆರೆದಾಗ ತೋಟದಿಂದ ಹಸಿ ತೆಂಗಿನ ಗರಿ ಹೊತ್ತು ತಂದು ನನ್ನನ್ನು ಕೂರಿಸುವ ಗುಡ್ಲು ಹಾಕಿದ್ದು ನಮ್ಮ ಮಾವ, ಅದು ಅವರ ಪಾಲಿನ ಕೆಲಸ. ಆ ಹಕ್ಕು ಈ ಕಾದಂಬರಿಯ ಹುಡುಗಿಗೂ ಇದೆಯೆಂದು ನಂಬಿ ನಾನು ತಪ್ಪು ಓದಿದೆ, ಅದಕ್ಕೇ ಮೊದಲಿಂದ ಮತ್ತೆ ಓದಿದೆ, ಎಂದೆ.

"ಹಂಗಾದ್ರೆ ಆ ಮಾವ ಕೆಟ್ಟೋನಾ?" ಮೇಷ್ಟ್ರು ತಡೆದರು.

"ಅಲ್ಲ ಸರ್. ಕೈ ಧಾರಾಳ. ಆದರೆ ಅವನು ಕೊಟ್ಟಿದ್ದೆಲ್ಲ ದಾನ. ಕೊನೆಗೆ ಅವಳು ಆ ಮನೆ ಬಿಡೋದು ಪ್ರೇಮಕ್ಕೆ ಅಂತ ನನಗಿಂತ ಮೊದಲು ಮಾತಾಡಿದವರೆಲ್ಲ ಅಂದ್ರಿ. ಕೊನೆಯಿಂದ ಎರಡನೇ ಅಧ್ಯಾಯ ತೆಗೀರಿ. ಬಾಡಿಗೆ ಕೋಣೆಗೆ ಹೋದವಳು ಮೊದಲು ಮಾಡೋ ಕೆಲಸ ಏನು? ಎರಡು ಮೇಣದಬತ್ತಿ ಹಚ್ಚುತ್ತಾಳೆ. ಯಾರನ್ನೂ ಕೇಳಲ್ಲ."

ಮೇಷ್ಟ್ರು ಪುಟ ತಿರುವಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಪ್ರಮಾಣಪತ್ರದ ಮೇಲೆ ನನ್ನ ಹೆಸರು ಬರೆದರು. "ಆಗಲ್ಲ ಅಂದಿದ್ದೆ. ಪೂರ್ತಿ ಓದಿದ್ದೀಯ. ನಮಗಿಂತ ಒಂದು ಸಲ ಜಾಸ್ತಿ," ಎಂದು ಕೈಗೆ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ದೂರ ಹಿಡಿದು ನೋಡಿದರು.

"ಗುಡ್ಲು ಹಾಕಿದ್ನೆಲ್ಲ ಸಭೇಲಿ ಹೇಳ್ತಾರೇನೇ, ಮಾನಗೆಟ್ಟೋಳೇ? ಎಲ್ರೂ ನನ್ನೇ ತಿರುಗಿ ನೋಡ್ತಿದ್ರು," ಎಂದರು. ಆಮೇಲೆ, "ನಮ್ಮಕ್ಕಂಗೆ ಫೋನ್ ಹಚ್ಚು. ನೀನ್ ಮಾತಾಡ್ಬೇಡ. ನಾನೇ ಹೇಳ್ತೀನಿ."