ನೀರಿನ ಕಲ್ಲು

ನಾನು ಸೈನ್ಸ್ ಟೀಚರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ತೆಲಂಗಾಣ ಹೋರಾಟ ಜೋರಾಗಿದ್ದ ದಿನಗಳು. ಕರ್ನಾಟಕದ ಗಡಿಗೆ ಹತ್ತಿದ ನಮ್ಮ ತಾಂಡೂರಿನಲ್ಲಿ ಶಾಲೆಗಳೆಲ್ಲ ಮುಚ್ಚಿದ್ದವು, ಬಸ್ಸುಗಳು ಡಿಪೋ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮುಷ್ಕರದಲ್ಲಿ ನಾವು ಟೀಚರುಗಳೂ ಇದ್ದೆವು. ಬೆಳಿಗ್ಗೆ ಟೆಂಟಿನಲ್ಲಿ ಕುಳಿತು ತೆಲುಗಿನಲ್ಲಿ ಘೋಷಣೆ ಕೂಗುವುದು, ಮಧ್ಯಾಹ್ನ ಮನೆಗೆ ಬಂದು ಕನ್ನಡದಲ್ಲಿ ಮಗಳನ್ನು ಬೈಯುವುದು, ಇದು ನನ್ನ ದಿನಚರಿಯಾಗಿತ್ತು. ಅವಳಿಗೆ ಆಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು.

ಬೈಯುತ್ತಿದ್ದದ್ದು ಹೊಸ ಕಂಪ್ಯೂಟರಿನ ಸಲುವಾಗಿ. ಬೇರೆಯವರ ಮಕ್ಕಳು ಅದರ ಮುಂದಿನಿಂದ ಏಳುವುದಿಲ್ಲ ಎಂದು ಬೈಸಿಕೊಳ್ಳುತ್ತಿದ್ದರು, ನನ್ನವಳು ಕೂಡುವುದೇ ಇಲ್ಲ ಎಂದು. ಅಷ್ಟು ಆಸೆಪಟ್ಟು ತಂದದ್ದನ್ನು ಬಿಟ್ಟು ಅವಳು ಪಡಸಾಲೆಯ ನೆಲದ ಮೇಲೆ ಬೋರಲು ಮಲಗಿರುತ್ತಿದ್ದಳು. ನಮ್ಮೂರಿನ ಸುತ್ತ ಕಲ್ಲಿನ ಖಣಿಗಳು, ಹಾಗಾಗಿ ಮನೆಮನೆಯ ನೆಲಕ್ಕೂ ಅಲ್ಲಿ ಸೀಳಿ ತೆಗೆದ ಹಾಸುಗಲ್ಲು, ಪರಸಿ ಕಲ್ಲೇ. ನಮ್ಮ ಪಡಸಾಲೆಯ ಉಳಿದ ಕಲ್ಲುಗಳು ಸಪಾಟಾಗಿದ್ದವು. ಬಾಗಿಲ ಎದುರಿನ ಒಂದರ ಮೇಲೆ ಮಾತ್ರ ಸಾಲುಸಾಲಾಗಿ ಬಾಗಿದ ಗೆರೆಗಳು ಎದ್ದಿದ್ದವು. ಕಸ ಗುಡಿಸುವಾಗ ಧೂಳು ಅಲ್ಲೇ ಕೂಡುತ್ತಿತ್ತು, ಆ ಕಲ್ಲು ಕಂಡರೆ ನನಗೆ ಸಿಟ್ಟು. ಮಗಳು ಅದರ ಮೇಲೆ ಒಂದು ಲೋಟ ನೀರು ಸುರಿದು, ಗೆರೆಗಳ ನಡುವೆ ನೀರು ನಿಲ್ಲುವುದನ್ನು ನೋಡುತ್ತಿದ್ದಳು.

"ಅವ್ವಾ, ಈ ಗೆರಿ ಯಾರು ಮಾಡ್ಯಾರ?"

"ಯಾರೂ ಮಾಡಿಲ್ಲ. ಕಲ್ಲು ಹಂಗೇ ಅದ."

"ಹಂಗೇ ಅಂದ್ರ ಹ್ಯಾಂಗ?"

"ನನ್ನ ತಲಿ ತಿನಬ್ಯಾಡ. ಕಂಪ್ಯೂಟರಿನ್ಯಾಗ ನೋಡು ಹೋಗು."

ಒಂದು ದಿನ ನಿಜವಾಗಿಯೂ ನೋಡಿದಳು. ಕಂಪ್ಯೂಟರಿನ ಜೊತೆ ಮಕ್ಕಳ ಒಂದು ಸಿ.ಡಿ. ಬಂದಿತ್ತು. ಕರೆಂಟ್ ಇದ್ದ ಎರಡು ತಾಸಿನಲ್ಲಿ ಅದನ್ನು ಹಾಕಿಕೊಂಡು ಕುಳಿತವಳು ಅಡುಗೆಮನೆಗೆ ಓಡಿ ಬಂದಳು.

"ಅವ್ವಾ, ಸಮುದ್ರದ ನೀರು ಹಿಂದಕ್ಕ ಹೋದ ಮ್ಯಾಲ ಉಸುಕಿನ್ಯಾಗ ಗೆರಿ ಬೀಳ್ತಾವ. ನಮ್ಮ ಕಲ್ಲಿನ್ಯಾಗ ಇದ್ದಂಗೇ ಅದಾವ."

ನಾನು ರೊಟ್ಟಿ ಬಡಿಯುತ್ತಿದ್ದೆ. "ಅದು ಸಮುದ್ರ, ಇದು ತಾಂಡೂರು. ಎಲ್ಲಿದು ಎಲ್ಲಿಗೆ ಹಚ್ಚತೀ?" ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವಳು ನಗಲಿಲ್ಲ.

ಮುಷ್ಕರ ಮುಗಿಯುವ ಲಕ್ಷಣ ಕಾಣಲಿಲ್ಲ. ಹೇಗೂ ಮನೆಯಲ್ಲಿದ್ದೇನೆ ಎಂದು ಬಹಳ ದಿನದ ಆಸೆಯೊಂದನ್ನು ತೀರಿಸಿಕೊಂಡೆ: ನೆಲಕ್ಕೆ ಮಷಿನ್ ಪಾಲಿಶ್. ಹೈದರಾಬಾದಿನ ನಾದಿನಿಯ ಮನೆಯ ಟೈಲ್ಸ್ ನನ್ನ ಕಣ್ಣಲ್ಲೇ ಕೂತಿತ್ತು. ಮಗಳನ್ನು ಎರಡು ದಿನ ಪಕ್ಕದ ಓಣಿಯ ನನ್ನ ತವರಿಗೆ ಕಳಿಸಿದೆ. ಕರೆಂಟ್ ಬಂದಾಗಲೆಲ್ಲ ಮಷಿನ್ ತಿರುಗಿತು, ಮನೆ ತುಂಬ ಬೂದಿ ಬಣ್ಣದ ರಾಡಿ. ಗೆರೆಯ ಕಲ್ಲಿನ ಮೇಲೆ ಇನ್ನೂ ನಾಲ್ಕು ಸುತ್ತು ಹೆಚ್ಚಿಗೆ ತಿರುಗಿಸಿ ಎಂದು ನಿಂತು ಹೇಳಿದವಳು ನಾನೇ.

ಮಗಳು ಬಂದಳು. ಬಾಗಿಲಲ್ಲಿ ನಿಂತು ಬರಿಗಾಲಿನಿಂದ ನೆಲವನ್ನು ತಡವಿದಳು. ಆಮೇಲೆ ಕುಳಿತು ಅಂಗೈಯಿಂದ ಹುಡುಕಿದಳು.

"ಎಲ್ಲಿ ಹೋತು?"

"ನೋಡು, ಈಗ ನಿನ್ನ ಮುಖ ಕಾಣ್ತದ," ಎಂದೆ.

ಅವಳು ಮುಖ ನೋಡಿಕೊಳ್ಳಲಿಲ್ಲ. ಅಳಲೂ ಇಲ್ಲ. ಎದ್ದು ಹೋಗಿ ಕಂಪ್ಯೂಟರ್ ಮುಂದೆ ಕುಳಿತಳು. ಅಂದಿನಿಂದ ಎಂಟು ದಿನ ಅವಳು ನನ್ನನ್ನು ಏನೊಂದೂ ಕೇಳಲಿಲ್ಲ. ಊಟಕ್ಕೆ ಕರೆದರೆ ಬಂದಳು, ಓದು ಎಂದರೆ ಓದಿದಳು, ಕರೆಂಟ್ ಇದ್ದಾಗ ಕಂಪ್ಯೂಟರ್, ಇಲ್ಲದಾಗ ಗೋಡೆ ನೋಡುತ್ತ ಸುಮ್ಮನೆ. ಇಂಥ ಮಗಳೇ ಬೇಕೆಂದು ಎಷ್ಟು ಸಲ ಹಲುಬಿದ್ದೆನೋ. ಸಿಕ್ಕ ಮೇಲೆ ನನಗೆ ಹೆದರಿಕೆಯಾಯಿತು.

ಮಷಿನ್ ಅದುರಿದ್ದಕ್ಕೆ ಹೊಸ್ತಿಲ ಬಳಿಯ ಒಂದು ಕಲ್ಲು ಸಡಿಲಾಗಿತ್ತು. ಮನೆ ಕಟ್ಟಿದಾಗ ನೆಲ ಹಾಸಿದ್ದ ಮೇಸ್ತ್ರಿ ಕಾಕಾನನ್ನೇ ಕರೆಸಿದೆ. ಬಶೀರಾಬಾದ್ ಕಡೆಯ ಮುದುಕರು, ಬಸ್ಸಿಲ್ಲದ್ದಕ್ಕೆ ಸೈಕಲ್ ತುಳಿದುಕೊಂಡು ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

"ಟೀಚರಮ್ಮ, ಇಲ್ಲೊಂದು ನೀರಿನ ಕಲ್ಲು ಇತ್ತಲ್ರಿ?"

"ಯಾವ ನೀರಿನ ಕಲ್ಲು, ಕಾಕಾ?"

"ಗೆರಿ ಇದ್ದದ್ದುರಿ. ನಾವು ಖಣಿಯಾಗ ಹಂಗೇ ಅಂತೀವಿ. ನೋಡಾಕ ಚೊಲೊ ಅದ ಅಂತ ಬಾಗಲ ಎದುರಿಗೇ ಹಾಕಿದ್ದೆ. ಒಂದು ಕಾಲಕ್ಕ ಇಲ್ಲೆಲ್ಲಾ ಸಮುದ್ರ ಇತ್ತಂತ್ರಿ. ತಳದ ಕೆಸರಿನ ಮ್ಯಾಲ ನೀರು ಆಡಿದ ಗುರ್ತು ಅದು. ಖಣಿ ನೋಡಾಕ ಬಂದ ಸಾಹೇಬ್ರು ಹೇಳ್ಯಾರ. ನಿಮಗ ಗೊತ್ತೇ ಇರ್ತದ ಬಿಡ್ರಿ, ಸೈನ್ಸ್ ಹೇಳ್ತೀರಿ."

ನನಗೆ ಗೊತ್ತಿತ್ತು. ಅದೇ ನನ್ನನ್ನು ಹೊಡೆದು ಕೆಡವಿದ್ದು. ಹನ್ನೊಂದು ವರ್ಷ ಆ ಪಾಠ ಮಾಡಿದ್ದೆ. ಸುಣ್ಣದ ಕಲ್ಲು ಸಮುದ್ರದ ತಳದಲ್ಲಿ ಪದರಪದರವಾಗಿ ಆಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಮಕ್ಕಳನ್ನು ಹೆದರಿಸಿದ್ದೆ. ಪರಸಿ ಎಂದರೆ ಅದೇ ಸುಣ್ಣದ ಕಲ್ಲು, ಆ ಕ್ಲಾಸಿನ ನೆಲವೂ ಪರಸಿಯದೇ. ಒಂದು ದಿನವೂ ಕಣ್ಣು ಕೆಳಗೆ ಹಾಕಿ ನೋಡಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಒಂದು ಲೋಟ ನೀರು, ಒಂದು ಸಿ.ಡಿ. ಇಟ್ಟುಕೊಂಡು ಕಂಡುಹಿಡಿದದ್ದನ್ನು ನಾನು ನಕ್ಕು, ಉಜ್ಜಿಸಿ, ತೊಳೆದು ಮೋರಿಗೆ ಬಿಟ್ಟಿದ್ದೆ. ಹೊಳೆಯುವ ಆ ನೆಲದ ಮೇಲೇ ಕುಳಿತುಬಿಟ್ಟೆ.

ಕಾಕಾಗೆ ಎಲ್ಲ ಹೇಳಿದೆ. ಅವರು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು.

"ಅದರ ಜೋಡಿ ಅದ ಅಲ್ರಿ. ಪರಸಿ ಸೀಳಿದಾಗ ಕೆಳಗಿನ ಕಲ್ಲಿನ್ಯಾಗ ಎದ್ದ ಗೆರಿ ಮ್ಯಾಲಿನ ಕಲ್ಲಿನ್ಯಾಗ ತಗ್ಗಾಗಿ ಇಳೀತದ. ಮ್ಯಾಲಿಂದು ನಿಮ್ಮ ಹಿತ್ತಲದಾಗ ಹಾಕೀನಿ, ಬಟ್ಟಿ ಒಗಿಯಾಕ. ಸಪಾಟ್ ಬಾಜು ಮ್ಯಾಲ ಮಾಡಿ."

ಆರು ವರ್ಷದಿಂದ ನಾನು ಅದರ ಮೇಲೆ ಸೀರೆ ಒಗೆಯುತ್ತಿದ್ದೆ.

ಮಗಳನ್ನು ಕರೆದೆ. ಕಂಪ್ಯೂಟರ್ ಬಿಟ್ಟು ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಕಾಕಾ ಹಾರೆ ಹಾಕಿ ಮೀಟಿದರು, ನಾನೂ ಕೈ ಕೊಟ್ಟೆ. ಕಲ್ಲು ಮಗುಚಿ ಬಿತ್ತು. ಮೊದಲು ಕಂಡದ್ದು ಬರೀ ಕೆಸರು, ಎರಡು ಎರೆಹುಳು. ಮಗಳು ತಾನಾಗಿ ಹೋಗಿ ಬಕೆಟ್ ತಂದು ನೀರು ಸುರಿದಳು. ಕೆಸರು ಇಳಿಯಿತು, ಗೆರೆಗಳು ಬಂದವು. ಉಬ್ಬಿದ್ದದ್ದು ಇಲ್ಲಿ ತಗ್ಗಾಗಿತ್ತು. ಅವಳು ಮೊಣಕಾಲೂರಿ, ಕಣ್ಣು ಮುಚ್ಚಿ, ಬೆರಳನ್ನು ಒಂದೊಂದೇ ತಗ್ಗಿನಲ್ಲಿ ಎಳೆದಳು.

ಏನಾದರೂ ಕೇಳಲಿ, ಈ ಸಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ ಎಂದುಕೊಂಡೆ. ಅವಳು ಕಲ್ಲಿನ ಮೇಲೆ ಎರಡೂ ಕೈ ಅಡ್ಡ ಇಟ್ಟು ನನ್ನ ಕಡೆ ನೋಡಿದಳು. ಎಂಟು ದಿನದ ಮೇಲೆ ಬಾಯಿಬಿಟ್ಟು ಕೇಳಿದಳು:

"ಅವ್ವಾ, ಇದನ್ನೂ ಪಾಲಿಶ್ ಮಾಡಸ್ತೀ ಏನ್?"