ಕಟ್ಟೆಯ ಕೆಳಗೆ ಪೈಪ್ ಇರಲಿಲ್ಲ

ನಮ್ಮ ಮನೆಯ ಕಟ್ಟೆಯ ಕೆಳಗೆ ನೀರಿನ ಪೈಪ್ ಇರಲಿಲ್ಲ. ಇದೆ ಎಂದು ಹೇಳಿದವನು ನಾನು. ಆರು ವರ್ಷ ಆ ಸುಳ್ಳಿನ ಮೇಲೆ ಕುಳಿತು ಚಹಾ ಕುಡಿದವನೂ ನಾನೇ.

ರಾಮದುರ್ಗದ ನಮ್ಮ ರಸ್ತೆಗೆ ಫುಟ್‌ಪಾತ್ ಹಾಕುವಾಗ ಗುತ್ತಿಗೆದಾರರ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಮನೆ ಅಂದಮೇಲೆ ಮುಂದೊಂದು ಕಟ್ಟೆ ಬೇಕೇ ಬೇಕು — ಕಾಳು ಹಸನು ಮಾಡಲು, ಹಾದುಹೋಗುವವರನ್ನು ಕೂಗಿ ಮಾತಾಡಿಸಲು. ಕಟ್ಟೆಗಳೆಲ್ಲ ಫುಟ್‌ಪಾತ್ ಬರಬೇಕಾದ ಗಟಾರದ ಮೇಲೆ ಚಾಚಿಕೊಂಡಿದ್ದವು. ಒಂದೊಂದಾಗಿ ಒಡೆಸಿದೆ. ಮಂದಿ ಬೈದರು. "ನಡ್ಯಾವ್ರಿಗೆ ದಾರಿ ಬ್ಯಾಡೇನ್ರಿ?" ಎಂದು ನಾನೂ ಜೋರು ಮಾಡಿದೆ.

ನನ್ನ ಕಡೆ ಇದ್ದವಳು ಗಂಗಕ್ಕ ಒಬ್ಬಳೇ. ಎರಡು ಮನೆ ಆಚೆ ರವಿಕೆ ಹೊಲಿದು ಬದುಕುವವಳು. ಪೋಲಿಯೊದಿಂದ ಕಾಲು ಸ್ವಾಧೀನವಿಲ್ಲದೆ, ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಪೇಟೆಗೆ ಹೋಗುವವಳು. ಫುಟ್‌ಪಾತಿಗೆ ಹತ್ತುವ ಪ್ರತಿ ಇಳಿಜಾರಿನ ಮೇಲೂ ಮೊದಲು ಆಕೆಯ ಸೈಕಲ್ಲನ್ನೇ ಹತ್ತಿಸಿ ನೋಡುತ್ತಿದ್ದೆ. ಕಾಲ ಬಳಿ ತುಂಬಿದ ಕಪ್ ಇಟ್ಟುಕೊಂಡು ಬರುತ್ತಿದ್ದಳು. "ಚಾ ತುಳುಕಬಾರದು ನೋಡ ತಮ್ಮಾ. ತುಳುಕ್ತಂದ್ರ ಇನ್ನೊಂದ್ ಕಪ್ ನೀನ ಕುಡಸ್ಬೇಕ!" ಎಷ್ಟು ನಗುತ್ತಿದ್ದೆವು…

ಆಮೇಲೆ ನಮ್ಮ ಮನೆಯ ಸರದಿ ಬಂತು. ಅವ್ವ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆಕೆ ಕೂತು ಕೂತು ಕಟ್ಟೆಯ ಒಂದು ಮೂಲೆ ನುಣ್ಣಗಾಗಿತ್ತು — ಇದನ್ನು ನೆಪವಾಗಿ ಹೇಳುತ್ತಿಲ್ಲ. ಬಾಜೂ ಮನೆಯ ಅಜ್ಜಿಗೂ ಅಂಥದೇ ಮೂಲೆ ಇತ್ತು. ಅದನ್ನು ಎರಡೇ ಪೆಟ್ಟಿಗೆ ಒಡೆಸಿದ್ದೆ.

ನಮ್ಮದನ್ನು ಮಾತ್ರ ಉಳಿಸಿಕೊಂಡೆ. ಫುಟ್‌ಪಾತ್ ಎರಡು ಮೆಟ್ಟಿಲು ಹತ್ತಿ, ನಮ್ಮ ಕಟ್ಟೆ ದಾಟಿ, ಎರಡು ಮೆಟ್ಟಿಲು ಇಳಿಯುವಂತೆ ಮಾಡಿದೆ. ಗಂಗಕ್ಕ ಮೆಟ್ಟಿಲ ಮುಂದೆ ಸೈಕಲ್ ನಿಲ್ಲಿಸಿ ನನ್ನ ಮುಖ ನೋಡಿದಳು.

"ಕೆಳಗ ದೊಡ್ಡ ಪೈಪ್ ಐತ್ರಿ ಅಕ್ಕಾ. ಒಡದ್ರ ಓಣಿಗೆಲ್ಲಾ ನೀರಿಲ್ಲ."

"ಹೋಗ್ಲಿ ಬಿಡ. ನೀ ಏನ್ ಬೇಕಂತ ಮಾಡೀಯೇನ?"

ಬೇಕಂತಲೇ ಮಾಡಿದ್ದೆ, ಅಕ್ಕಾ.

ಅಂದಿನಿಂದ ಆಕೆ ನಮ್ಮ ಮನೆಯ ಹತ್ತಿರ ಬಂದಾಗಲೆಲ್ಲ ರಸ್ತೆಗಿಳಿದು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾಟಿ, ಮುಂದೆ ಹೋಗಿ ಮತ್ತೆ ಹತ್ತುತ್ತಿದ್ದಳು. ಸೈಕಲ್ಲಿನ ಗಂಟೆ ಕೇಳಿದರೆ ನಾನು ಒಳಗೆ ಎದ್ದು ಹೋಗುತ್ತಿದ್ದೆ. "ಮಂದೀ ಕಟ್ಟಿ ಒಡದ, ತನ್ನ ಕಟ್ಟಿ ಉಳಿಸ್ಕೊಂಡ" ಎಂದು ಓಣಿಯವರು ಆಡಿಕೊಂಡರೆ ಗಂಗಕ್ಕನೇ ಅವರ ಬಾಯಿ ಮುಚ್ಚಿಸುತ್ತಿದ್ದಳಂತೆ — ಕೆಳಗೆ ಪೈಪ್ ಇದೆ, ಅವನಾದರೂ ಏನು ಮಾಡಿಯಾನು ಎಂದು.

ಹೋದ ತಿಂಗಳು ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ, ಸೈಕಲ್ ನನ್ನ ಮೆಟ್ಟಿಲಿಗೇ ಬಡಿದು ಮಗುಚಿತು. ಬಲಗೈ ಮಣಿಕಟ್ಟು ಮುರಿಯಿತು. ಹೊಲಿಯುವ ಕೈ! ನಾವು ನಾಲ್ವರು ಎತ್ತಿದೆವು. ಯಾರೋ ನನ್ನ ಮೇಲೆ ರೇಗಿದರು. ನೋವಿನಲ್ಲೂ ಗಂಗಕ್ಕ, "ಅವಗ ಅನಬ್ಯಾಡ್ರಿ… ಕೆಳಗ ಪೈಪ್ ಐತಿ" ಅಂದಳು. ಆಕೆಯ ತಲೆ ನನ್ನ ತೋಳಿನ ಮೇಲಿತ್ತು. ನಾನು ಆಗಲೂ ಬಾಯಿ ಬಿಡಲಿಲ್ಲ. ಕಟ್ಟೆ ಉಳಿಸಿಕೊಂಡದ್ದಕ್ಕಿಂತ ಆ ಮೌನಕ್ಕೇ ನನಗೆ ಹೆಚ್ಚು ನಾಚಿಕೆ.

ಮರುದಿನ ಮುಂಜಾನೆ ಹಾರೆ ಹಿಡಿದೆ. ಗಂಗಕ್ಕ ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ತನ್ನ ಮನೆಯ ಬಾಗಿಲಲ್ಲಿ ಕೂತಿದ್ದಳು. ದಾರಿಯಲ್ಲಿ ಹೋಗುವವರೊಬ್ಬರು ಕೂಗಿದರು:

"ಹುಷಾರ್ರಿ! ಪೈಪ್ ಒಡದೀತು!"

"ಪೈಪ್ ಇಲ್ರಿ," ಅಂದೆ, ಎರಡು ಮನೆ ಆಚೆ ಕೇಳುವಷ್ಟು ಗಟ್ಟಿಯಾಗಿ. "ಅವತ್ತೂ ಇರಲಿಲ್ಲ. ನಾ ಸುಳ್ಳ ಹೇಳಿದ್ದೆ."

ಗಂಗಕ್ಕ ಬಹಳ ಹೊತ್ತು ನೋಡಿದಳು. ಎಡಗೈಯಿಂದ ಬಾಗಿಲು ಎಳೆದು ಮುಚ್ಚಿಕೊಂಡಳು.

ಈಗ ಅಲ್ಲಿ ಮೆಟ್ಟಿಲಿಲ್ಲ, ಇಳಿಜಾರಿದೆ. ಚಹಾ ತುಳುಕುತ್ತದೋ ಇಲ್ಲವೋ, ಹೇಳಬೇಕಾದವಳು ಆಕೆ. ಕೈ ಕೂಡಿದ ಮೇಲೆ ಅದರ ಮೇಲೆ ಬರುತ್ತಾಳೋ, ಮೊದಲಿನಂತೆ ರಸ್ತೆಗೇ ಇಳಿಯುತ್ತಾಳೋ — ಕೇಳುವ ಮುಖ ನನಗಿಲ್ಲ. ದಿನಾ ಮುಂಜಾನೆ ಅದನ್ನು ಗುಡಿಸಿ ಇಡುತ್ತೇನೆ.